ಘಾಟಿನಲ್ಲಿ ಓದಿದ ಸುದ್ದಿ

ಗೆಳೆಯರೇ, ಇವತ್ತು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ನಿಂತು ಸುದ್ದಿ ಓದಿದೆ. ನಗಬೇಡಿ, ಅದು ಸ್ಕಾಲರ್‌ಶಿಪ್ ಸಂದರ್ಶನ. ಅಂಗಡಿಯ ಸಾಹುಕಾರರ ತೀರಿಹೋದ ಮಗಳಿಗೆ ಟೀವಿಯಲ್ಲಿ ಸುದ್ದಿ ಓದುವ ಆಸೆಯಿತ್ತಂತೆ. ಅವಳ ನೆನಪಿಗೆ ಪತ್ರಿಕೋದ್ಯಮ ಓದುವ ಒಬ್ಬರಿಗೆ ನೆರವು ಕೊಡುತ್ತಾರೆ. ಅದು ಸಿಗದಿದ್ದರೆ ನನ್ನ ಎಂ.ಎ. ಇಲ್ಲಿಗೇ ಮುಗಿಯಿತು.

"ಹೆದರಬ್ಯಾಡವಾ, ಟೀವ್ಯಾಗ ಓದಿದಂಗ ಓದು," ಎಂದು ಸಾಹುಕಾರರು ಪೇಪರ್ ಕೊಟ್ಟರು. ಅಷ್ಟರಲ್ಲಿ ಹಿಂದೆ ಹಮಾಲರು ಮೆಣಸಿನಕಾಯಿ ಚೀಲ ಸುರಿದರು. ಘಾಟು ನೇರ ಗಂಟಲಿಗೆ ಇಳಿಯಿತು. ಸೀನಿದರೆ ಕೆಟ್ಟೆ ಎಂದು ಉಸಿರು ಬಿಗಿಹಿಡಿದು ಓದಿದೆ. ದನಿ ನಡುಗಿತು, ಕಣ್ಣೀರು ಧಾರಾಕಾರ.

ಸಾಹುಕಾರರು ಗೋಡೆಯ ಮೇಲಿನ ಮಗಳ ಫೋಟೊ ನೋಡಿದರು. "ಸಾಕವಾ, ಅಳಬ್ಯಾಡ. ನೀ ಒಮ್ಮೆನೂ ನೋಡಿಲ್ಲ, ನಮ್ಮ ಹುಡುಗಿ ಸಲುವಾಗಿ ಇಷ್ಟ್ಯಾಕ ಅಳ್ತಿ?"

ಅವರ ಕಣ್ಣೂ ತುಂಬಿತ್ತು. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಬೆಳೆದವರು. ಘಾಟಿಗೆ ಅವರ ಕಣ್ಣಲ್ಲಿ ನೀರು ಬರುವುದಿಲ್ಲ; ಅದು ಮಗಳಿಗಾಗಿ ಬಂದದ್ದು.

ನನ್ನದು ಬರೀ ಘಾಟಿನ ನೀರು ಎನ್ನದೆ ಕಣ್ಣೊರೆಸಿಕೊಂಡೆ.

"ಸಂಜಿಗೆ ಫೋನ್ ಮಾಡ್ತೇನಿ," ಅಂದಿದ್ದಾರೆ. ರಾಣೆಬೆನ್ನೂರಿನ ಬಸ್ಸಿನಲ್ಲಿ ಫೋನನ್ನೇ ನೋಡುತ್ತ ಕೂತಿದ್ದೇನೆ. ಸಿಗಲಿ ಎಂದು ಹರಕೆ ಹೊತ್ತವಳೇ ಈಗ ಫೋನ್ ಬಾರದಿರಲಿ ಎಂದು ಬೇಡುತ್ತಿದ್ದೇನೆ. ಅಂಗಡಿಯಲ್ಲಿ ತಡೆದ ಸೀನೆಲ್ಲ ಒಂದರ ಹಿಂದೊಂದು ಬರುತ್ತಿದೆ. ತಡೆದ ಆ ಒಂದು ಮಾತು ಮಾತ್ರ, ಪತ್ರಕರ್ತೆಯಾಗಲು ಹೊರಟವಳ ಬಾಯಿಂದ ಇನ್ನೂ ಬರುತ್ತಿಲ್ಲ.