ಹೊಳೆಯದ ಹೆಸರುಕಾಳಿನ ಬೇರು

ಮೊದಲೇ ಹೇಳಿಬಿಡುತ್ತೇನೆ, ಆ ಬೇರುಗಳನ್ನು ಕೆಡಿಸಿದವನು ನಾನು. ಹೊಟ್ಟೆಕಿಚ್ಚಿನಿಂದಲ್ಲ, ಮಡಿಯಿಂದ.

ಎರಡು ಸಾವಿರದ ಇಸವಿಯ ಆಸುಪಾಸು, ಹಾಸನದ ಕಾಲೇಜೊಂದರಲ್ಲಿ ನಾನು ಮೊದಲ ವರ್ಷದ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕಿಂತ ಮೇಷ್ಟ್ರ ಮೂಗಿನ ದನಿಯನ್ನು ಚೆನ್ನಾಗಿ ಕಲಿತಿದ್ದೆ. ನನ್ನ ಪೆದ್ದುತನವನ್ನೂ ಅದೇ ದನಿಯಲ್ಲಿ ಬೈದುಕೊಂಡು ಎಲ್ಲರನ್ನೂ ನಗಿಸುತ್ತಿದ್ದೆ. ನಾವೆಲ್ಲ ಅಕ್ಕ ಎನ್ನುತ್ತಿದ್ದ ದಂಡಿಗನಹಳ್ಳಿ ಕಡೆಯ ಹುಡುಗಿ ಎರಡನೇ ವರ್ಷ. ಆಕೆ ಒಂದು ಬಣ್ಣದ ಪುಡಿ ತಯಾರಿಸಿದ್ದಳು. ಸತುವಿನ ಅಯಾನು ಸಿಕ್ಕರೆ ಅದು ಯು.ವಿ. ದೀಪದಡಿ ಹಸಿರಾಗಿ ಹೊಳೆಯುತ್ತಿತ್ತು. ಗಾಜಿನ ನಳಿಕೆಯಲ್ಲಿ ಹೊಳೆದದ್ದು ಜೀವವಿರುವ ಬೇರಿನೊಳಗೂ ಹೊಳೆದರೆ ಮೈಸೂರಿನಲ್ಲಿ ಸಂಶೋಧನೆಗೆ ಶಿಫಾರಸು ಮಾಡುವುದಾಗಿ ಮೇಷ್ಟ್ರು ಹೇಳಿದ್ದರು. ಇಲ್ಲದಿದ್ದರೆ ಊರು. ಊರಿನಲ್ಲಿ ಗಂಡು ಗೊತ್ತು ಮಾಡಿಯಾಗಿತ್ತು.

ಅದಕ್ಕೆಂದು ಹಾಸ್ಟೆಲಿನಲ್ಲಿ ಇಟ್ಟ ಹೆಸರುಕಾಳಿನ ಮೊಳಕೆಯನ್ನು ಇಲಿಗಳು ಮುಗಿಸಿದ್ದವು. ಹಾಗಾಗಿ ನಾನು ಊರಿಗೆ ಹೊರಟಾಗ ಅಕ್ಕ ಡಿಸ್ಟಿಲ್ಡ್ ವಾಟರಿನ ಕ್ಯಾನು ಕೊಟ್ಟಳು.

"ಇದ್ರಲ್ಲೇ ಕಾಳು ನೆನ್ಸಿ ಮೊಳಕೆ ಬರ್ಸ್ಕಂಡ್ ಬಾ. ಬ್ಯಾರೆ ನೀರು ಮುಟ್ಟಿಸ್ಬ್ಯಾಡ ಕಣ್ಲಾ."

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಕುಡಿಯುವ ನೀರು ರಾತ್ರಿಯೆಲ್ಲ ತಾಮ್ರದ ಚೊಂಬಿನಲ್ಲೇ ಇರಬೇಕು. ಪ್ಲಾಸ್ಟಿಕ್ಕಿಗಿಂತ ತಾಮ್ರ ಶುದ್ಧವೆಂದು ಕ್ಯಾನಿನ ನೀರನ್ನು ನಾನೇ ಚೊಂಬಿಗೆ ಸುರಿದು ಕಾಳು ನೆನೆಸಿದೆ. ಬೇರೆ ನೀರನ್ನಂತೂ ಮುಟ್ಟಿಸಲಿಲ್ಲ!

ವಾಪಸು ಬಂದ ಮೇಲೆ ಬೇರುಗಳಿಗೆ ಸತುವಿನ ನೀರು ಕುಡಿಸಿ, ಬಣ್ಣ ಹಾಕಿ, ದೀಪದಡಿ ಇಟ್ಟೆವು. ಹಸಿರಿನ ಸುಳಿವೇ ಇಲ್ಲ. "ಜೀವದೊಳಗೆ ಕೆಲಸ ಮಾಡಲ್ಲಮ್ಮ ಇದು, ಬಿಡು" ಎಂದು ಮೇಷ್ಟ್ರು ಎದ್ದುಹೋದರು. ಅಕ್ಕ ಕತ್ತಲೆಯಲ್ಲಿ ಬೇರುಗಳ ಮೇಲೆ ಬಾಗಿಯೇ ಇದ್ದಳು. ಬಣ್ಣದ ಪುಡಿ ಅಲ್ಲಿಗೆ ಮುಗಿದಿತ್ತು. ಶಿಫಾರಸು ಬೇರೊಬ್ಬನಿಗೆ ಹೋಯಿತು.

ಆಮೇಲೊಂದು ದಿನ ಪಾಠದ ನಡುವೆ ಮೇಷ್ಟ್ರು ಹೇಳಿದರು: ತಾಮ್ರದ ಅಯಾನು ಸೇರಿದರೆ ಇಂಥ ಬೆಳಕು ನಂದಿಹೋಗುತ್ತದೆ. ನಾನು ಕಾಳು ನೆನೆಸಿದ್ದ ಚೊಂಬು ಕಣ್ಣಮುಂದೆ ಬಂತು.

ಅಕ್ಕ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ಪರೀಕ್ಷೆ ಮುಗಿದಿತ್ತು, ಚನ್ನರಾಯಪಟ್ಟಣದ ಬಸ್ಸಿನ ಪಕ್ಕ ಟ್ರಂಕಿಟ್ಟುಕೊಂಡು ನಿಂತಿದ್ದಳು. ಹೇಗೆ ಶುರುಮಾಡುವುದೋ ತಿಳಿಯದೆ ಮೇಷ್ಟ್ರ ದನಿ ತೆಗೆದೆ: "ನೋಡಮ್ಮಾ, ಒಬ್ಬ ಪುಣ್ಯಾತ್ಮ ನಿನ್ನ ಕಾಳಿಗೆ ತಾಮ್ರದ ಚೊಂಬಿನಲ್ಲಿ ಮಡಿಸ್ನಾನ ಮಾಡಿಸಿ, ಬೆಳಕನ್ನೇ ಆರಿಸಿಬಿಟ್ಟ..."

ಈ ದನಿಗೆ ಬಿದ್ದುಬಿದ್ದು ನಗುತ್ತಿದ್ದವಳು ನನ್ನನ್ನೇ ನೋಡಿದಳು. ಕಂಡಕ್ಟರ್ ಸೀಟಿ ಊದಿದ.

"ಮೇಷ್ಟ್ರ ದನೀಲಿ ಬ್ಯಾಡ. ನಿಂದು ಅಂತ ಒಂದ್ ದನಿ ಇದ್ರೆ ಅದ್ರಲ್ಲಿ ಯೋಳು, ಇಲ್ದಿದ್ರೆ ಟ್ರಂಕಿಗೊಂದ್ ಕೈ ಆಕ್ಲಾ."