ಕಾರ್ಕಳದ ಪರದೆಯ ಸೊಟ್ಟ ಅಂಚು

ಕಾರ್ಕಳದ ಕಾಮತರ ಮನೆಯ ಸಿನೆಮಾ ಕೋಣೆಯಲ್ಲಿ ತಪ್ಪಿದ್ದದ್ದು ಪರದೆಯಲ್ಲಿ. ಲೆನ್ಸಿನಲ್ಲಿ ಏನೂ ದೋಷವಿರಲಿಲ್ಲ. ಆ ಪರದೆಯನ್ನು ಹೊಲಿದು ಚೌಕಟ್ಟಿಗೆ ಎಳೆದು ಕಟ್ಟಿದವಳು ನಾನು. ಅದು ಸೊಟ್ಟಗಿದೆ ಎಂದು ಅದೇ ದಿನ, ಅದೇ ಕೋಣೆಯಲ್ಲಿ ನನಗೆ ಗೊತ್ತಾಯಿತು. ಯಾರೂ ಇಲ್ಲದ ಹೊತ್ತು ನೋಡಿ ಸರಿ ಮಾಡಿದೆ, ಬಾಯಿ ಮುಚ್ಚಿಕೊಂಡೆ. ನನ್ನ ತಮ್ಮ ಯತೀಶ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.

ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ಮನೆಯಲ್ಲಿ ಮಾತು ತುಳು, ಬರೆಯುವುದಕ್ಕೆ ಶಾಲೆಯಲ್ಲಿ ಕಲಿತ ಕನ್ನಡ. ಆದರೆ ತಡವಾದದ್ದು ಅಕ್ಷರ ಬಾರದೆ ಅಲ್ಲ — ಒಂದೇ ಒಂದು ವಾಕ್ಯವನ್ನು ಬಾಯಲ್ಲಿ ಹೇಳಿದ್ದರೆ ಸಾಕಿತ್ತು.

ನನ್ನ ಕೈಯ ಬಗ್ಗೆ ನನಗೆ ಹೆಮ್ಮೆ. ಈಗಲೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಇದೂ ಇನ್ನೊಂದು ಸುಳ್ಳಾಗುತ್ತದೆ. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ರವಕೆ ಹೊಲಿಯುತ್ತಿದ್ದ ಕಾಲದಲ್ಲಿ ಹೆಜಮಾಡಿಯಿಂದಲೂ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಅಳತೆಗೆಂದು ಹಳೆಯ ರವಕೆ ತಂದವರಿಗೆ, "ಅದು ಬೇಡ, ನೀವು ಒಮ್ಮೆ ನೆಟ್ಟಗೆ ನಿಂತುಕೊಳ್ಳಿ, ಸಾಕು" ಎನ್ನುತ್ತಿದ್ದೆ. ಯಾರೊಬ್ಬರೂ ವಾಪಸ್ಸು ತಂದದ್ದಿಲ್ಲ.

ಯತೀಶ ನನಗಿಂತ ತುಂಬ ಚಿಕ್ಕವನು. ಅಮ್ಮ ಮೀನು ಮಾರಲು ಹೋದಾಗ ಅವನನ್ನು ಸೊಂಟದಲ್ಲಿ ಎತ್ತಿಕೊಂಡು ಬೆಳೆಸಿದವಳು ನಾನೇ. ಟಿವಿ ರಿಪೇರಿ ಕಲಿತ, ಮಣಿಪಾಲದ ಒಂದು ಅಂಗಡಿಯಲ್ಲಿ ಸ್ಪೀಕರ್ ಜೋಡಿಸುವ ಕೆಲಸಕ್ಕೆ ಸೇರಿದ, ಆಮೇಲೆ ಸ್ವಂತವಾಗಿ ಮನೆಗಳಲ್ಲಿ ಸಿನೆಮಾ ಕೋಣೆ ಮಾಡಿಕೊಡಲು ಹೊರಟ. ಪರದೆ ಹೊಲಿಯಲು ಬೇರೆ ಯಾರನ್ನೂ ಹುಡುಕಲಿಲ್ಲ. "ಅಕ್ಕ ಇರುವಾಗ ಪರದೆಯ ಚಿಂತೆ ನನಗೆ ಎಂತಕ್ಕೆ?" ಎಂದ. ಬಿಳಿ ಬಟ್ಟೆಯ ಸುತ್ತ ಕಪ್ಪು ಮಖಮಲ್ಲಿನ ಅಂಚು ಹೊಲಿದು, ಮರದ ಚೌಕಟ್ಟಿನ ಹಿಂದಕ್ಕೆ ಎಳೆದು ಪಿನ್ನು ಹೊಡೆಯುವುದು ನನ್ನ ಕೆಲಸ. ಪ್ರೊಜೆಕ್ಟರಿನ ಚಿತ್ರ ಆ ಕಪ್ಪು ಅಂಚಿಗೆ ಸರಿಯಾಗಿ ಬಂದು ಕೂತರೆ ಪರದೆ ಇದ್ದದ್ದೇ ಮರೆತುಹೋಗುತ್ತದೆ.

ಕಾಮತರದ್ದು ಗೇರುಬೀಜದ ಕಾರ್ಖಾನೆ. ಮಹಡಿಯ ಉದ್ದನೆಯ ಕೋಣೆಯನ್ನು ಸಿನೆಮಾಕ್ಕೆಂದೇ ಬಿಟ್ಟಿದ್ದರು. ಅವರಿಗೆ ಟಾಕೀಸಿನ ಹಾಗೆ ಅಗಲವಾದ ಚಿತ್ರ ಬೇಕಿತ್ತು. "ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ನಾನು ಎದ್ದು ಹೋಗ್ತೇನೆ ನೋಡಿ. ಟಿಕೇಟಿನ ದುಡ್ಡು ನೀವೇ ವಾಪಸ್ ಕೊಡಬೇಕು" ಎಂದು ನಕ್ಕಿದ್ದರು.

ಆ ಪಟ್ಟಿ ಹೋಗಿಸುವುದಕ್ಕೆ ಎರಡು ದಾರಿ ಇದೆ ಎಂದು ಯತೀಶ ನನಗೆ ತಿಳಿಸಿದ್ದ. ಒಂದು, ಪ್ರೊಜೆಕ್ಟರಿನ ಜೂಮಿನಿಂದಲೇ ಚಿತ್ರವನ್ನು ಹಿಗ್ಗಿಸಿ ಪಟ್ಟಿಗಳನ್ನು ಪರದೆಯಿಂದ ಆಚೆ ತಳ್ಳುವುದು. ಸುಲಭ, ಆದರೆ ಪಟ್ಟಿಯ ಪಾಲಿನ ಬೆಳಕು ದಂಡ, ಚಿತ್ರ ಮಂಕು. ಇನ್ನೊಂದು, ವಿಡಿಯೋ ಪ್ರೊಸೆಸರ್ ಎಂಬ ಪೆಟ್ಟಿಗೆಯಲ್ಲಿ ಚಿತ್ರವನ್ನು ಉದ್ದಕ್ಕೆ ಎಳೆದು ಪಟ್ಟಿಯ ಜಾಗವನ್ನೂ ತುಂಬಿಸುವುದು. ಆಗ ಮುಖಗಳೆಲ್ಲ ಸೋರೆಕಾಯಿಯ ಹಾಗೆ ಉದ್ದವಾಗುತ್ತವೆ. ಪ್ರೊಜೆಕ್ಟರಿನ ಮುಂದೆ ಅನಮಾರ್ಫಿಕ್ ಲೆನ್ಸ್ ಇಟ್ಟರೆ ಅದು ಅದೇ ಚಿತ್ರವನ್ನು ಅಡ್ಡಕ್ಕೆ ಅಗಲಿಸುತ್ತದೆ. ಮುಖ ಮತ್ತೆ ಮುಖವಾಗುತ್ತದೆ, ಬೆಳಕೂ ಪೂರ್ತಿ ಸಿಗುತ್ತದೆ. ಉದ್ದಕ್ಕೆ ಎಳೆದ ಬಟ್ಟೆಯನ್ನು ಅಡ್ಡಕ್ಕೂ ಅಷ್ಟೇ ಎಳೆದ ಹಾಗೆ — ನನಗೆ ಕೂಡಲೇ ಅರ್ಥವಾಯಿತು.

ಅವನು ಪೆಟ್ಟಿಗೆ, ಲೆನ್ಸು ಆರಿಸಿದ ರೀತಿಯನ್ನು ನೀವು ನೋಡಬೇಕಿತ್ತು. ನಮ್ಮ ಮನೆಯ ಒಳಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಗೋಡೆಗೆ ಅಪ್ಪನ ಬಿಳಿ ಪಂಚೆ ಕಟ್ಟಿ, ಪರಿಚಯದವರಿಂದ ತಂದ ಪೆಟ್ಟಿಗೆಗಳನ್ನೂ ಲೆನ್ಸುಗಳನ್ನೂ ಒಂದೊಂದಾಗಿ ಇಟ್ಟು ನೋಡಿದ. ಹೆಜಮಾಡಿಯಲ್ಲಿ ದಡಕ್ಕೆ ಕಟ್ಟಿದ ದೋಣಿಯೊಂದರ ಚಿತ್ರವನ್ನು ಅವನೇ ತೆಗೆದಿದ್ದ. ಒಂದು ಪ್ರೊಸೆಸರಿನಲ್ಲಿ ಆ ದೋಣಿಯ ಓರೆ ಹಗ್ಗ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು, ಬೇಡ ಎಂದ. ಇನ್ನೊಂದರಲ್ಲಿ ಹಗ್ಗ ನೇರವಾಯಿತು, ಆದರೆ ನೀರು ನೀರಿನಂತಿರಲಿಲ್ಲ, ಮೇಣ ಹಚ್ಚಿದ ಹಾಗಿತ್ತು, ಅದೂ ಬೇಡ. ಒಂದು ಲೆನ್ಸಿನಲ್ಲಿ ದೋಣಿಯ ಹೆಸರಿನ ಬಿಳಿ ಅಕ್ಷರಗಳ ಪಕ್ಕದಲ್ಲಿ ಸಣ್ಣ ನೀಲಿ ಗೆರೆ. "ಕಾಣ್ತದಾ ಅಕ್ಕ?" ಎಂದು ಕೇಳಿದ. ನನಗೆ ಕಾಣಲಿಲ್ಲ. ಹತ್ತಿರ ಕರೆದು ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು. ಸೂಜಿಗೆ ದೀಪವಿಲ್ಲದೆ ನೂಲು ಹಾಕುವವಳಿಗೆ ಕಾಣದ್ದು ಅವನಿಗೆ ದೂರದಿಂದ ಕಂಡಿತ್ತು! ಕೊನೆಗೆ ಒಂದು ಲೆನ್ಸ್ ಹಾಕಿ, ಇದೇ ಎಂಬಂತೆ ನೆಲದ ಮೇಲೆ ಕೂತ. ಆ ಹಗ್ಗದ ಎಳೆಗಳನ್ನು ಎಣಿಸಬಹುದಿತ್ತು. ನನ್ನ ತಮ್ಮ ಎಂದು ನನಗೆ ಎದೆ ಉಬ್ಬಿತು.

ಈ ಜಾತಿಯ ಲೆನ್ಸುಗಳು ಚಿತ್ರದ ಮೇಲಂಚು ಕೆಳಅಂಚುಗಳನ್ನು ನಡುವಿನಲ್ಲಿ ತುಸು ಒಳಕ್ಕೆ ಬಾಗಿಸುತ್ತವೆ ಎಂದು ಅವನಿಗೆ ಗೊತ್ತಿತ್ತು. ದೂರ ಹೆಚ್ಚಾದಷ್ಟೂ ಬಾಗು ಕಡಿಮೆ. ಅದಕ್ಕಾಗಿಯೇ ಕಾಮತರ ಕೋಣೆಯ ಕಟ್ಟಕಡೆಯ ಗೋಡೆಗೆ ಪ್ರೊಜೆಕ್ಟರ್ ಇಡಿಸಿದ. ಉಳಿದ ಕೂದಲೆಳೆಯಷ್ಟನ್ನು ಮಖಮಲ್ಲು ನುಂಗಿಕೊಳ್ಳುತ್ತದೆ ಎಂದ.

ಜೋಡಿಸುವ ದಿನ ಬಂತು. ಪರದೆ ಎಳೆಯುವುದು ಇಬ್ಬರ ಕೆಲಸ. ಎದುರುಬದುರು ನಿಂತು ಸಮನಾಗಿ ಎಳೆಯಬೇಕು. "ನಿಲ್ಲು ಅಕ್ಕ, ಈ ವಯರ್ ಮುಗಿಸಿ ಬರ್ತೇನೆ" ಎಂದ. ಕಾಮತರ ಹೆಂಡತಿ ವಿಮಲಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಒಬ್ಬಳೇ ಎಳೆದೆ. ನಡುವಿನಿಂದ ಶುರು ಮಾಡಿ, ಮೈಯ ಬಲವೆಲ್ಲ ಅಲ್ಲಿಗೇ ಹಾಕಿ —

ಮಧ್ಯಾಹ್ನ ಯತೀಶ ಕಿಟಕಿ ಮುಚ್ಚಿ ಚಿತ್ರ ಬಿಟ್ಟ. ಎಂಥ ಬೆಳಕು! ಕಾಮತರು "ಅಬ್ಬಬ್ಬ" ಎಂದರು. ಮರುಗಳಿಗೆಯಲ್ಲಿ ಎದ್ದು ಹತ್ತಿರ ಹೋದರು. ಚಿತ್ರದ ಮೂಲೆಗಳು ಕಪ್ಪು ಅಂಚಿಗೆ ತಾಗಿದ್ದವು, ನಡುವಿನಲ್ಲಿ ಮಾತ್ರ ಮೇಲೆಯೂ ಕೆಳಗೆಯೂ ಬೆರಳಗಲದ ಖಾಲಿ ಬಟ್ಟೆ ಕಾಣುತ್ತಿತ್ತು.

"ಯತೀಶ, ನಿನ್ನ ಸಿನೆಮಾಕ್ಕೆ ಸೊಂಟ ಸಣ್ಣ ಆಯ್ತಲ್ಲ ಮಾರಾಯ?"

ಯತೀಶ ಲೆನ್ಸನ್ನು ಹಿಂದೆ ಮುಂದೆ ಮಾಡಿದ, ಓರೆ ಮಾಡಿದ, ಬಿಚ್ಚಿ ಮತ್ತೆ ಕೂರಿಸಿದ. ಬೆವರಿದ. ಪರದೆಯ ಬಳಿ ಬಂದು ಅಂಚನ್ನು ನೋಡಿದ. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಎಂಬ ಹಾಗೆ ಹೇಳಿದ: "ಚಿತ್ರದ ಅಂಚು ನನಗೆ ನೇರವೇ ಕಾಣ್ತದೆ ಅಕ್ಕ. ಒಮ್ಮೆ ಪರದೆ ಅಳೆದು ನೋಡುವುದಾ?" ಕೈ ಆಗಲೇ ಕಿಸೆಯಲ್ಲಿದ್ದ ಟೇಪಿಗೆ ಹೋಗಿತ್ತು.

ನಾನು ಮೆಲ್ಲಗೆ ಹೇಳಲಿಲ್ಲ. ಕಾಮತರಿಗೂ ವಿಮಲಕ್ಕನಿಗೂ ಕೇಳುವ ಹಾಗೆ ಹೇಳಿದೆ: "ನನ್ನ ಹೊಲಿಗೆಯನ್ನು ನೀನು ಅಳೆಯುವುದಾದರೆ ಇನ್ನು ಹೊಲಿಯುವುದೂ ನೀನೇ ಮಾಡು!"

ಅವನ ಮುಖ ಕೆಂಪಾಯಿತು. ಟೇಪು ಕಿಸೆಯಲ್ಲೇ ಉಳಿಯಿತು. "ಇಲ್ಲ ಅಕ್ಕ, ಸುಮ್ಮನೆ ಕೇಳಿದ್ದು." ನಂತರ ಕಾಮತರ ಕಡೆ ತಿರುಗಿ, "ಲೆನ್ಸಿನದ್ದೇ ದೋಷ. ಆರಿಸುವುದರಲ್ಲಿ ನನಗೆ ತಪ್ಪಿತು" ಎಂದ. ಲೆನ್ಸ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿದ. ಕಾಮತರು ಅವನ ಬೆನ್ನು ತಟ್ಟಿ, ಕಾಫಿ ಕುಡಿದು ಬರುವ ಎಂದು ಕೆಳಗೆ ಕರೆದುಕೊಂಡು ಹೋದರು, ವಿಮಲಕ್ಕನೂ ಇಳಿದರು.

ಆಗಿನವರೆಗೂ ನಾನು ಪ್ರಾಮಾಣಿಕಳೇ. ಸೊಕ್ಕಿತ್ತು, ಸುಳ್ಳು ಇರಲಿಲ್ಲ. ಒಬ್ಬಳೇ ಆದ ಮೇಲೆ ಏಕೋ — ಅವನ ಮುಖ ನೆನಪಾಗಿ — ಚೀಲದಿಂದ ನೂಲು ತೆಗೆದು ಮೇಲಂಚಿನ ಮೂಲೆಯಿಂದ ಮೂಲೆಗೆ ಬಿಗಿದೆ. ನಡುವಿನಲ್ಲಿ ನನ್ನ ಹೊಲಿಗೆ ನೂಲಿಗಿಂತ ಬೆರಳಗಲ ಮೇಲಕ್ಕೆ ಹೋಗಿತ್ತು. ಕೆಳಗೆಯೂ ಹಾಗೆಯೇ, ಕೆಳಕ್ಕೆ. ಚಿತ್ರ ನೇರವಾಗಿತ್ತು. ನನ್ನ ಅಂಚು ಹೊಟ್ಟೆ ಬಿಟ್ಟಿತ್ತು.

ಮೆಟ್ಟಿಲ ಬಳಿ ಹೋಗಿ ಕೂಗಿದ್ದರೆ ಮುಗಿಯುತ್ತಿತ್ತು. ಲೆನ್ಸ್ ಇನ್ನೂ ಅದೇ ಕೋಣೆಯಲ್ಲಿ, ಕುರ್ಚಿಯ ಮೇಲಿತ್ತು. ನಾನು ಸ್ಟೂಲು ಹತ್ತಿದೆ. ಚೌಕಟ್ಟನ್ನು ಆಗ ಗೋಡೆಗೆ ಬಿಗಿದಿರಲಿಲ್ಲ, ಸುಮ್ಮನೆ ಒರಗಿಸಿದ್ದೆವು. ಹಿಂದಿನಿಂದ ನಡುವಿನ ಪಿನ್ನುಗಳನ್ನು ಕಿತ್ತು, ಬಟ್ಟೆ ಸಡಿಲಿಸಿ, ನೂಲಿಗೆ ಸರಿಯಾಗಿ ಮತ್ತೆ ಹೊಡೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಪರದೆ ಎಳೆದದ್ದಿಲ್ಲ.

ಕಾಫಿಗೆ ಕರೆಯಲು ಬಂದ ವಿಮಲಕ್ಕ ಅಂಚಿನ ಮೇಲೆ ಕೈಯಾಡಿಸಿದರು. "ಅವನದ್ದು ಏನೇ ಆಗಲಿ, ನಿಮ್ಮ ಕೆಲಸ ಮಾತ್ರ ಒಂದು ನೂಲೂ ತಪ್ಪಲಿಲ್ಲ ನೋಡಿ!"

ನಾನು ನಕ್ಕೆ. ಆ ನಗು ನೆನಪಾದಾಗೆಲ್ಲ —

ಯತೀಶ ಮೇಲೆ ಬಂದು ಜೂಮಿನಿಂದ ಚಿತ್ರ ಹಿಗ್ಗಿಸಿದ. ಅಂಚಿಗೆ ಅಂಚು ಕೂತಿತು. ಲೆನ್ಸ್ ತೆಗೆದ ಕೂಡಲೇ ಎಲ್ಲ ಸರಿಯಾಯಿತು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಆ ಸಾಕ್ಷಿಯನ್ನು ಹುಟ್ಟಿಸಿದವಳು ನಾನು. ಚಿತ್ರ ಮಂಕಾಗಿತ್ತು, ಆದರೆ ಪಟ್ಟಿ ಇರಲಿಲ್ಲ, ಕಾಮತರು ಒಪ್ಪಿಕೊಂಡರು. ಮನೆಗೆ ಬರುವ ದಾರಿಯಲ್ಲಿ, ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಕಾಣುವ ಹೊತ್ತಿಗೆ ಅವನು ಕೇಳಿದ: "ನನ್ನ ಕಣ್ಣಿಗೆ ನೇರ ಕಂಡಿತ್ತಲ್ಲ ಅಕ್ಕ. ಹೇಗೆ?"

"ಕೆಲವು ಸಲ ಕಣ್ಣು ಮೋಸ ಮಾಡ್ತದೆ" ಎಂದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಆ ಮಾತು. ಪರದೆ ಸೊಟ್ಟಗಾದದ್ದು ಕೈತಪ್ಪು. ಈ ಮಾತನ್ನು ನಾನು ತಿಳಿದೇ ಹೇಳಿದೆ.

ಅಂದಿನಿಂದ ಯತೀಶ ಆರಿಸುವುದನ್ನು ಬಿಟ್ಟ. ಕೆಲಸ ನಿಲ್ಲಲಿಲ್ಲ, ಬೆಳೆಯಿತು. ಉಡುಪಿ, ಸಂತೆಕಟ್ಟೆ, ಎಲ್ಲೆಲ್ಲಿಂದಲೋ ಕರೆ ಬಂತು. ಆದರೆ ಯಾವ ಪ್ರೊಸೆಸರ್, ಯಾವ ಲೆನ್ಸ್ ಎಂದು ಕೇಳಿದವರಿಗೆ ಕಂಪೆನಿಗಳ ಬಣ್ಣದ ಪುಸ್ತಕ ಮುಂದಿಟ್ಟು "ನೀವೇ ನೋಡಿ ಹೇಳಿ" ಎನ್ನುತ್ತಿದ್ದ. ಒಳಕೋಣೆಯ ಕಿಟಕಿಗೆ ಕಂಬಳಿ ಮತ್ತೆ ಹೊದಿಸಲಿಲ್ಲ. ನಾನು ಒಂದಾದ ಮೇಲೊಂದು ಪರದೆ ಹೊಲಿದೆ, ಹೊಗಳಿಸಿಕೊಂಡೆ.

ಕಳೆದ ತಿಂಗಳು ಮಣಿಪಾಲದಲ್ಲಿ ಒಬ್ಬ ಡಾಕ್ಟರರ ಮನೆಗೆ ಹೋಗಿದ್ದೆವು. ಅವರು ಪುಸ್ತಕವನ್ನು ಪಕ್ಕಕ್ಕೆ ಸರಿಸಿ, "ಇದೆಲ್ಲ ಬೇಡ. ನಿಮ್ಮ ಕಣ್ಣಿಗೆ ಯಾವುದು ಒಳ್ಳೆಯದು, ಅದು ಹೇಳಿ" ಎಂದು ಕೇಳಿದರು.

"ನನ್ನ ಕಣ್ಣನ್ನು ಕೇಳಬೇಡಿ ಡಾಕ್ಟ್ರೇ" ಎಂದು ಯತೀಶ ನಕ್ಕ. "ಅದು ಒಮ್ಮೆ ಮೋಸ ಮಾಡಿದೆ."

ನೆಲದ ಮೇಲೆ ಮಖಮಲ್ಲು ಹರಡಿ ಕೂತಿದ್ದ ನಾನು ಕತ್ತರಿ ಕೆಳಗಿಟ್ಟೆ. ನನ್ನದೇ ಮಾತು ಅವನ ಬಾಯಲ್ಲಿ, ತಮಾಷೆಯಾಗಿ.

ಹಿಂದಿರುಗುವಾಗ ಕಟಪಾಡಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಎಲ್ಲವನ್ನೂ ಹೇಳಿದೆ — ಹೊಟ್ಟೆ ಬಿಟ್ಟ ಅಂಚು, ಸ್ಟೂಲು, ಕಿತ್ತ ಪಿನ್ನು. ಅವನು ನಂಬಲಿಲ್ಲ.

"ಬಿಡು ಅಕ್ಕ. ಡಾಕ್ಟ್ರ ಮನೆಯಲ್ಲಿ ನಾನು ಹೇಳಿದ್ದು ಕೇಳಿ ನಿನಗೆ ಬೇಜಾರಾಯ್ತು. ಸಮಾಧಾನಕ್ಕೆ ಹೇಳ್ತಿದ್ದೀ. ನಿನ್ನ ಕೈ ತಪ್ಪುವುದುಂಟಾ?"

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಆ ಲೆನ್ಸ್ ಎಲ್ಲಿ ಉಂಟು?" ಎಂದು ಕೇಳಿದೆ. ಅಟ್ಟದ ಮೇಲೆ ಇತ್ತು, ಯಾರಿಗೂ ಮಾರಿರಲಿಲ್ಲ.

ಭಾನುವಾರ ಅದನ್ನು ತೆಗೆದುಕೊಂಡು ಕಾರ್ಕಳಕ್ಕೆ ಹೋದೆವು. ಅವನು ಪೆಟ್ಟಿಗೆ ಬಿಚ್ಚುವ ಮೊದಲೇ ನಾನು ಕಾಮತರ, ವಿಮಲಕ್ಕನ ಎದುರು ನಿಂತು, ಅಂದು ಜೋರಾಗಿ ಹೇಳಿದಷ್ಟೇ ಜೋರಾಗಿ, ಮಾಡಿದ್ದನ್ನು ಹೇಳಿದೆ. ಯತೀಶ ನನ್ನ ಮುಖ ನೋಡಲಿಲ್ಲ. ಅಲ್ಲೇ ಇದ್ದ ಹಳೆಯ ಪ್ರೊಸೆಸರಿನಲ್ಲಿ ಚಿತ್ರವನ್ನು ಉದ್ದಕ್ಕೆ ಎಳೆದ, ಲೆನ್ಸನ್ನು ಮುಂದೆ ಕೂರಿಸಿದ, ದೀಪ ಆರಿಸಿದ.

ಚಿತ್ರ ಮೂಲೆಯಿಂದ ಮೂಲೆಗೆ, ನಡುವಿನಲ್ಲಿಯೂ, ಕಪ್ಪು ಅಂಚಿಗೆ ಬಂದು ಕೂತಿತು. ಇಷ್ಟು ವರ್ಷ ಕಾಣದ ಬೆಳಕು ಕೋಣೆ ತುಂಬಿತು. ಕಾಮತರು ಕುರ್ಚಿಯಿಂದ ಎದ್ದೇಬಿಟ್ಟರು. ನಾನು ಯತೀಶನನ್ನು ನೋಡಿದೆ. ಅವನು ಅಂಚಿನ ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದ, ನಿಧಾನವಾಗಿ, ಈ ಕೊನೆಯಿಂದ ಆ ಕೊನೆಗೆ.

ವಿಮಲಕ್ಕ ನನ್ನ ಕೈ ಹಿಡಿದುಕೊಂಡರು. "ಹೋಗಲಿ ಬಿಡಿ. ಅವತ್ತು ನಮಗೆ ಯಾರಿಗೂ ಗೊತ್ತೇ ಆಗಲಿಲ್ಲವಲ್ಲ."

"ನನಗೆ ಗೊತ್ತಾಗಿತ್ತು ವಿಮಲಕ್ಕ" ಎಂದ ಯತೀಶ. "ನನಗೆ ಕಂಡಿತ್ತು."

ದನಿ ಏರಿಸಲಿಲ್ಲ. ತಲೆ ಎತ್ತಿ ಹೇಳಿದ. ಅವನು ಹಾಗೆ ತಲೆ ಎತ್ತಿ ನಿಂತದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತು! ಆ ಹೊತ್ತು ನನಗಾದ ಹೆಮ್ಮೆ ನನ್ನ ಯಾವ ಹೊಲಿಗೆಗೂ ಆದದ್ದಿಲ್ಲ. ಅಷ್ಟು ವರ್ಷ ಅವನ ಬಾಯಿಂದ ಆ ಮಾತು ಹೊರಡದಂತೆ ಮಾಡಿದವಳು ಆ ಹೆಮ್ಮೆ ಪಡಬಹುದೇ — ಗೊತ್ತಿಲ್ಲ. ಕ್ಷಮೆಯನ್ನು ನಾನು ಕೇಳಿಲ್ಲ, ಅವನೂ ಆ ಮಾತು ಎತ್ತಿಲ್ಲ. ಮಣಿಪಾಲದ ಮನೆಗೆ ಲೆನ್ಸ್ ಯಾವುದೆಂದು ಅವನು ಆರಿಸಿಯಾಗಿದೆ, ಯಾರನ್ನೂ ಕೇಳದೆ. ನನ್ನನ್ನೂ.