ಪಿನ್ನುಗಳ ನಡುವಿನ ಕುಂಕುಮ

ಮರ್ಫಿ ಟೌನಿನ ಅಣ್ಣನ ಬಾಡಿಗೆ ಮನೆಯಲ್ಲಿ ಆ ಭಾನುವಾರ ಹಳೆಯ ಹಾರ್ಡ್ ಡಿಸ್ಕನ್ನು ಕೈಗೆತ್ತಿಕೊಂಡವನೇ ಅತ್ತಿಗೆಯ ಮೇಲೆ ರೇಗಿದೆ. ಕೇಬಲ್ ಸಿಕ್ಕಿಸುವ ಪಿನ್ನುಗಳ ಸಾಲಿನ ನಡುವೆ ಅರಿಸಿನ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಕಂಪ್ಯೂಟರು ಕೆಟ್ಟು ಗುಜರಿಗೆ ಹೋದರೂ ಅಣ್ಣ ಡಿಸ್ಕನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದ. ಪ್ರತಿ ವರ್ಷ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಅತ್ತಿಗೆ ಕತ್ತರಿ, ಚಾಕು, ಹೊಲಿಗೆ ಮಷೀನಿನ ಜೊತೆಗೆ ಅದಕ್ಕೂ ಪೂಜೆ ಮಾಡುತ್ತಿದ್ದರು.

"ಎಲ್ಲಕ್ಕೂ ಹಚ್ಚಿ ಅದಕ್ಕಷ್ಟೇ ಹ್ಯಾಂಗ ಬಿಡ್ಲಿ?" ಎಂದರು. "ಅವರ ದನಿ ಅದರಾಗೇ ಅದ ಅಲ್ಲಾ."

ಗಂಟಲಿನ ಕ್ಯಾನ್ಸರಿಗೆ ಅಣ್ಣನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅಂದಿನಿಂದ ಅವನ ಮಾತೆಲ್ಲ ತುಟಿ ಮತ್ತು ಕೈಸನ್ನೆಯಲ್ಲೇ. ಮಗಳು ಹುಟ್ಟಿದ್ದು ಆಪರೇಷನ್ ಆದ ಮೇಲೆ. ಅಪ್ಪನ ಧ್ವನಿ ಹೇಗಿತ್ತು ಎಂದು ಈಚೆಗೆ ಅವಳು ಕೇಳತೊಡಗಿದ್ದಳು. ಕಂಪ್ಯೂಟರು ಹೊಸದಾಗಿದ್ದಾಗ ಮೈಕ್ ಪರೀಕ್ಷಿಸಲು ನಾವಿಬ್ಬರೂ ಹರಟಿದ್ದ ಒಂದು ರೆಕಾರ್ಡಿಂಗ್ ಆ ಡಿಸ್ಕಿನಲ್ಲಿತ್ತು. ಬೇರೆಲ್ಲೂ ಅವನ ಧ್ವನಿ ಉಳಿದಿರಲಿಲ್ಲ.

ಅದು ಐಡಿಇ ಡಿಸ್ಕ್, ಅಗಲವಾದ ಚಪ್ಪಟೆ ಕೇಬಲ್ಲಿನ ಕಾಲದ್ದು. ಆಮೇಲೆ ಸಣ್ಣ ಕೇಬಲ್ಲಿನ ಸಾಟಾ ಬಂತು. ನನ್ನ ಲ್ಯಾಪ್‌ಟಾಪಿಗೆ ಹೊರಗಿನಿಂದ ಏನಾದರೂ ಸಿಕ್ಕಿಸಬೇಕೆಂದರೆ ಈಗ ಯುಎಸ್‌ಬಿಯೊಂದೇ ದಾರಿ. ಶಿವಾಜಿನಗರದ ಅಂಗಡಿಗಳನ್ನೆಲ್ಲ ಸುತ್ತಿ, ಒಂದು ತುದಿ ಐಡಿಇ, ಇನ್ನೊಂದು ತುದಿ ಯುಎಸ್‌ಬಿ ಇರುವ ಅಡಾಪ್ಟರನ್ನು ತಂದಿದ್ದೆ. ಡಿಸ್ಕಿಗೆ ಕರೆಂಟು ಕೊಡುವ ವೈರೂ ಅದರ ಜೊತೆಗೇ ಇತ್ತು.

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕುಂಕುಮ ತೆಗೆದೆ. ಒಂದು ಪಿನ್ನು ಬಾಗಿತ್ತು. ಅದನ್ನು ಸೂಜಿಯಿಂದ ಮೆಲ್ಲಮೆಲ್ಲಗೆ ನೆಟ್ಟಗೆ ಮಾಡಿದೆ. ಮುರಿದರೆ ಅಲ್ಲಿಗೆ ಮುಗಿಯಿತು. ಅಣ್ಣ ಎದುರು ಕೂತಿದ್ದ.

ಸ್ವಿಚ್ ಹಾಕಿದೆ. ಡಿಸ್ಕ್ ಗುಂಯ್ ಎಂದು ತಿರುಗಿತು, ಆದರೆ ಲ್ಯಾಪ್‌ಟಾಪಿನಲ್ಲಿ ಏನೂ ಕಾಣಲಿಲ್ಲ. ಬಿಚ್ಚಿ ಮತ್ತೆ ಸಿಕ್ಕಿಸಿದೆ. ಅದೇ ಕಥೆ. ನಿಮ್ಮ ಕುಂಕುಮವೇ ಇದನ್ನು ತಿಂದುಹಾಕಿತು ಎಂದು ಅಂದೇಬಿಟ್ಟೆ. ಅತ್ತಿಗೆಯ ಮುಖ ಸಣ್ಣದಾಯಿತು. ಆಗ ಅಣ್ಣ ನನ್ನ ಮೊಣಕೈ ತಟ್ಟಿ ಎರಡು ಬೆರಳು ತೋರಿಸಿದ.

ಎರಡನೆಯ ಡಿಸ್ಕ್! ಆ ಕಾಲದಲ್ಲಿ ಒಂದೇ ಕೇಬಲ್ಲಿಗೆ ಎರಡು ಡಿಸ್ಕ್ ಹಾಕುತ್ತಿದ್ದೆವು. ಯಾವುದು ಮೊದಲನೆಯದು ಅಂದರೆ ಮಾಸ್ಟರ್, ಯಾವುದು ಎರಡನೆಯದು ಅಂದರೆ ಸ್ಲೇವ್ ಎಂಬುದನ್ನು ಡಿಸ್ಕಿನ ಹಿಂಬದಿಯ ಜಂಪರ್ ಎಂಬ ಪುಟ್ಟ ಬಿಲ್ಲೆ ತೀರ್ಮಾನಿಸುತ್ತಿತ್ತು. ಇದು ಇನ್ನೂ ಸ್ಲೇವ್ ಜಾಗದಲ್ಲೇ ಇತ್ತು, ಅಡಾಪ್ಟರಿಗೆ ಬೇಕಿದ್ದದ್ದು ಮಾಸ್ಟರ್. ಕುಣಿಯಲಾರದವನಿಗೆ ನೆಲ ಡೊಂಕು. ಕುಂಕುಮದ ತಪ್ಪೇನೂ ಇರಲಿಲ್ಲ. ಕರೆಂಟು ತೆಗೆದು ಜಂಪರನ್ನು ಮಾಸ್ಟರಿಗೆ ಬದಲಿಸಿದೆ. ಈ ಸಲ ಡಿಸ್ಕ್ ಕಾಣಿಸಿಕೊಂಡಿತು, ಫೈಲೂ ಸಿಕ್ಕಿತು.

ಮೊದಲು ನಗು ಕೇಳಿಸಿತು. ಆಮೇಲೆ ಎರಡು ಧ್ವನಿಗಳು, ಮೈಕ್ ಯಾರು ಹಿಡಿಯಬೇಕು ಎಂದು ಜಗಳ. ಅತ್ತಿಗೆ ಬಾಗಿಲಲ್ಲೇ ಕೂತು ಅತ್ತುಬಿಟ್ಟರು. ಮಗಳು ಸ್ಪೀಕರಿಗೆ ಕಿವಿಗೊಟ್ಟು ಕೇಳಿದಳು. ಇನ್ನೊಮ್ಮೆ ಹಾಕಿಸಿ ಕೇಳಿದಳು. ನಂತರ ನನ್ನತ್ತ ತಿರುಗಿದಳು.

"ಎರಡೂ ನಿಮ್ದೇ ವಾಯ್ಸ್ ಅಲ್ವಾ ಕಾಕಾ?"

ಒಂದು ನನ್ನದು ಎಂಬಂತೆ ಅಣ್ಣ ತನ್ನ ಎದೆ ಮುಟ್ಟಿಕೊಂಡ. ಆಮೇಲೆ ನನ್ನ ಕಡೆ ನೋಡಿ, ಹೇಳು ಎಂದು ಸನ್ನೆ ಮಾಡಿದ. ನಾನು ಮಾತಾಡಿದರೆ ಹೇಗೋ ಹಾಗೇ ಇತ್ತು ನಿನ್ನಪ್ಪನ ಧ್ವನಿ ಎಂದು ಹೇಳಬೇಕಿತ್ತು. ಅವನು ಕಳೆದುಕೊಂಡ ಅದೇ ಧ್ವನಿಯಲ್ಲಿ ಅಣ್ಣನೆದುರು ಬಾಯಿ ತೆರೆಯಲು ನನಗೆ ಹೆದರಿಕೆಯಾಯಿತು.